ಒಪ್ಪದೆಯೂ ಪಾಸಾಗುವ ಹಕ್ಕು

(ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ವಿದ್ಯಾರ್ಥಿಗಳ ಶೈಕ್ಷಣಿಕ ಸ್ವಾತಂತ್ರ್ಯದ ಬಗ್ಗೆ ಮಾತನಾಡಬೇಕೆಂದು ನಿಮ್ಮ ಮೇಷ್ಟ್ರು ಕೇಳಿದಾಗ ನನಗೆ ತಕ್ಷಣ ನೆನಪಾದದ್ದು ಒಂದು ಉತ್ತರ ಪತ್ರಿಕೆ, ಮತ್ತು ಅದರ ಅಂಚಿನಲ್ಲಿ ಕೆಂಪು ಶಾಯಿಯಿಂದ ನಾನೇ ಬರೆದ ‘2’ ಎಂಬ ಅಂಕಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬಿ.ಎ. ಅರ್ಥಶಾಸ್ತ್ರದ ಮೌಲ್ಯಮಾಪನ ನಡೆಯುತ್ತಿತ್ತು. ಮೌಲ್ಯಮಾಪನ ಕೇಂದ್ರವೆಂದರೆ ಹೇಗಿರುತ್ತದೆ ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಒಂದು ದೊಡ್ಡ ಕೊಠಡಿ, ಉದ್ದಕ್ಕೆ ಬೆಂಚುಗಳು, ಪ್ರತಿಯೊಬ್ಬರ ಮುಂದೆ ಒಂದು ಬಂಡಲ್, ಪಕ್ಕದಲ್ಲಿ ಒಂದು ಹಾಳೆಯ ಉತ್ತರ ಸೂಚಿ. ನಾವು ಅದನ್ನು ಸ್ಕೀಮ್ ಎನ್ನುತ್ತೇವೆ. ಯಾವ ಪ್ರಶ್ನೆಗೆ ಯಾವ ಯಾವ ಅಂಶಗಳು ಬಂದಿರಬೇಕು, ಯಾವ ಅಂಶಕ್ಕೆ ಎಷ್ಟು ಅಂಕ ಎಂಬುದು ಅದರಲ್ಲಿ ಇರುತ್ತದೆ. ಹನ್ನೊಂದು ಗಂಟೆಯ ಚಹಾ ಬರುವುದರೊಳಗೆ ಅರ್ಧ ಬಂಡಲ್ ಮುಗಿದಿರಬೇಕು. ಆ ದಿನದ ಹತ್ತು ಅಂಕದ ಪ್ರಶ್ನೆ, ಗ್ರಾಮೀಣ ಸಾಲದ ಸಮಸ್ಯೆಯನ್ನು ಪರಿಹರಿಸುವಲ್ಲಿ ಸಹಕಾರ ಸಂಘಗಳ ಪಾತ್ರವನ್ನು ವಿವರಿಸಿ ಎಂಬುದು. ಮೂವತ್ತು ಉತ್ತರ ಪತ್ರಿಕೆಗಳಲ್ಲಿ ಇಪ್ಪತ್ತೈದಾದರೂ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸ್ಥಾಪನೆಯಾದ ಸಹಕಾರ ಸಂಘದಿಂದ ಆರಂಭವಾಗಿ, ಗೈಡಿನಲ್ಲಿರುವ ಎಂಟು ಅಂಶಗಳನ್ನು ಅದೇ ಅನುಕ್ರಮದಲ್ಲಿ ದಾಟಿ, ‘ಹೀಗೆ ಸಹಕಾರ ಸಂಘಗಳು ಗ್ರಾಮೀಣ ಜನರ ಬದುಕಿನಲ್ಲಿ ಬೆಳಕು ತಂದಿವೆ’ ಎಂಬಲ್ಲಿ ನಿಲ್ಲುತ್ತಿದ್ದವು. ಅವುಗಳಿಗೆಲ್ಲ ಏಳು, ಎಂಟು ಅಂಕ ಬೀಳುತ್ತಿದ್ದವು.

ಒಂದು ಪತ್ರಿಕೆ ಹಾಗಿರಲಿಲ್ಲ. ಆ ವಿದ್ಯಾರ್ಥಿ ಕಣಗಿನಹಾಳಕ್ಕೆ ಹೋಗಲೇ ಇಲ್ಲ. ತನ್ನೂರಿನ ಸೊಸೈಟಿಯ ಬಾಗಿಲಲ್ಲೇ ನಿಂತು ಬರೆದಿದ್ದ. ಸಾಲ ತೀರಿಸುವ ಗಡುವು ಹತ್ತಿರವಾದಾಗ ಊರಿನ ರೈತರು ಲೇವಾದೇವಿಯವರ ಹತ್ತಿರ ನೂರಕ್ಕೆ ಮೂರರಂತೆ ಕೈಸಾಲ ತರುತ್ತಾರೆ, ಅದನ್ನು ಸೊಸೈಟಿಗೆ ಕಟ್ಟುತ್ತಾರೆ, ಕೆಲವು ದಿನ ಬಿಟ್ಟು ಅದೇ ಸೊಸೈಟಿಯಿಂದ ಹೊಸ ಸಾಲ ಎತ್ತಿ ಲೇವಾದೇವಿಯವರಿಗೆ ಬಡ್ಡಿಸಮೇತ ಕೊಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ವಸೂಲಿ ಪೂರ್ತಿಯಾಗಿರುತ್ತದೆ. ಆದ್ದರಿಂದ ನಮ್ಮೂರಿನ ಮಟ್ಟಿಗೆ ಸಹಕಾರ ಸಂಘವು ಲೇವಾದೇವಿಯನ್ನು ಹೋಗಲಾಡಿಸಿಲ್ಲ, ಅದಕ್ಕೆ ವರ್ಷಕ್ಕೊಂದು ಸುಗ್ಗಿ ಮಾಡಿಕೊಟ್ಟಿದೆ ಎಂಬುದು ಅವನ ವಾದ. ಒಂದೂವರೆ ಪುಟ. ಕಾಗುಣಿತದ ತಪ್ಪುಗಳಿದ್ದವು. ನಾನು ಸ್ಕೀಮ್ ನೋಡಿದೆ. ಎಂಟರಲ್ಲಿ ಒಂದು ಅಂಶವೂ ಇರಲಿಲ್ಲ. ಎರಡು ಅಂಕ ಕೊಟ್ಟು ಪುಟ ತಿರುಗಿಸಿದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ಆ ಉತ್ತರ ಮತ್ತೆ ಮನಸ್ಸಿಗೆ ಬಂತು. ಅಷ್ಟು ಹೊತ್ತಿಗೆ ಬಂಡಲ್ ಕಟ್ಟಿ ಕೊಟ್ಟಾಗಿತ್ತು.

ಆ ಹುಡುಗನಿಗೆ ನಾನು ಅನ್ಯಾಯ ಮಾಡಿದೆ ಎಂದು ಇವತ್ತು ಹೇಳುವುದು ಸುಲಭ. ಆದರೆ ನಾನು ಯಾವ ನಿಯಮವನ್ನೂ ಮುರಿಯಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಅವನ ಬಾಯಿಯನ್ನು ಯಾರೂ ಮುಚ್ಚಿಸಲಿಲ್ಲ, ಅವನನ್ನು ಅಮಾನತು ಮಾಡಲಿಲ್ಲ, ಅವನ ಮೇಲೆ ಮೊಕದ್ದಮೆ ಹೂಡಲಿಲ್ಲ. ಎಂಟು ಅಂಕ ಹೋಯಿತು, ಅಷ್ಟೇ. ಮುಂದಿನ ಪರೀಕ್ಷೆಗೆ ಅವನೂ ಗೈಡ್ ಕೊಂಡಿರುತ್ತಾನೆ. ವಿದ್ಯಾರ್ಥಿಯ ಸ್ವಾತಂತ್ರ್ಯ ನಮ್ಮಲ್ಲಿ ಹೆಚ್ಚಾಗಿ ಕಳೆದುಹೋಗುವುದು ಹೀಗೆ, ಸದ್ದಿಲ್ಲದೆ. ಕಲಿಸಿದ್ದನ್ನು ಕಲಿಯುವ, ಆದರೆ ಅದನ್ನು ಒಪ್ಪಲೇಬೇಕಾಗಿಲ್ಲದ, ಒಪ್ಪದಿದ್ದರೂ ತಾನು ಮಾಡಿದ ಕೆಲಸಕ್ಕೆ ತಕ್ಕ ಅಂಕ ಪಡೆಯುವ ಹಕ್ಕು ಇದೆಯಲ್ಲ, ನಾನು ಇವತ್ತು ಶೈಕ್ಷಣಿಕ ಸ್ವಾತಂತ್ರ್ಯ ಎನ್ನುತ್ತಿರುವುದು ಅದನ್ನೇ. ಉಳಿದದ್ದೆಲ್ಲ ಅದರ ಸುತ್ತ ಬರುತ್ತದೆ.

ಈ ಮಾತಿಗೆ ಒಂದು ಇತಿಹಾಸವಿದೆ. 1810ರಲ್ಲಿ ಬರ್ಲಿನ್‌ನಲ್ಲಿ ವಿಶ್ವವಿದ್ಯಾಲಯ ಆರಂಭವಾದಾಗ ಅದರ ಹಿಂದಿದ್ದ ವಿಲ್ಹೆಲ್ಮ್ ಫಾನ್ ಹಂಬೋಲ್ಟ್ ಮತ್ತು ಅವರ ಕಾಲದವರ ಚಿಂತನೆಯಿಂದ ಜರ್ಮನಿಯಲ್ಲಿ ಎರಡು ಪದಗಳು ಜೊತೆಜೊತೆಯಾಗಿ ಬೆಳೆದವು. ಒಂದು ಲೇರ್‌ಫ್ರೈಹೈಟ್, ಅಂದರೆ ಕಲಿಸುವವರ ಸ್ವಾತಂತ್ರ್ಯ. ಇನ್ನೊಂದು ಲೆರ್ನ್‌ಫ್ರೈಹೈಟ್, ಅಂದರೆ ಕಲಿಯುವವರ ಸ್ವಾತಂತ್ರ್ಯ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ಯಾರ್ಥಿ ಯಾವ ಉಪನ್ಯಾಸಗಳನ್ನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನು ತಾನೇ ತೀರ್ಮಾನಿಸುತ್ತಿದ್ದ. ಒಂದು ವರ್ಷ ಒಂದು ಊರಿನಲ್ಲಿ, ಮರುವರ್ಷ ಇನ್ನೊಂದು ಊರಿನಲ್ಲಿ ಒಳ್ಳೆಯ ಪ್ರಾಧ್ಯಾಪಕರನ್ನು ಹುಡುಕಿಕೊಂಡು ಅಲೆಯಬಹುದಿತ್ತು. ಕೊನೆಯ ಪರೀಕ್ಷೆಯಲ್ಲಿ ಮಾತ್ರ ಅವನು ಉತ್ತರ ಹೇಳಬೇಕಿತ್ತು. ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಹೆಸರು ಬಂದು ಪ್ರಾಂಶುಪಾಲರ ಕೊಠಡಿಯ ಮುಂದೆ ನಿಂತ ಅನುಭವವಿರುವವರಿಗೆ ಇದು ಸ್ವರ್ಗದ ವರ್ಣನೆಯಂತೆ ಕೇಳಿಸಬಹುದು.

ಅದಕ್ಕಿಂತಲೂ ಹಿಂದೆ ಹೋದರೆ ಇನ್ನೂ ವಿಚಿತ್ರವಾದ ದೃಶ್ಯ ಸಿಗುತ್ತದೆ. ಮಧ್ಯಯುಗದ ಇಟಲಿಯ ಬೊಲೋನ್ಯಾದಲ್ಲಿ ವಿಶ್ವವಿದ್ಯಾಲಯವೆಂದರೆ ವಿದ್ಯಾರ್ಥಿಗಳ ಸಂಘವೇ ಆಗಿತ್ತು. ದೂರದೂರದ ನಾಡುಗಳಿಂದ ಕಾನೂನು ಓದಲು ಬಂದ, ವಯಸ್ಸಿನಲ್ಲಿ ತಕ್ಕಮಟ್ಟಿಗೆ ದೊಡ್ಡವರಾಗಿದ್ದ ವಿದ್ಯಾರ್ಥಿಗಳು ಒಟ್ಟುಗೂಡಿ ಮೇಷ್ಟ್ರುಗಳನ್ನು ನೇಮಿಸಿಕೊಳ್ಳುತ್ತಿದ್ದರು. ಪಾಠಕ್ಕೆ ತಡವಾಗಿ ಬಂದರೆ ಮೇಷ್ಟ್ರಿಗೆ ದಂಡ, ಅನುಮತಿಯಿಲ್ಲದೆ ರಜೆ ಹಾಕಿದರೆ ದಂಡ, ಗೊತ್ತುಪಡಿಸಿದ ದಿನದೊಳಗೆ ಗೊತ್ತುಪಡಿಸಿದ ಭಾಗವನ್ನು ಮುಗಿಸದಿದ್ದರೂ ದಂಡ. ಮುಂದಿನ ಸಾಲಿನಲ್ಲಿರುವ ಅಧ್ಯಾಪಕರು ಗಾಬರಿಯಾಗಬೇಕಿಲ್ಲ. ಆ ವ್ಯವಸ್ಥೆಯನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಗಿರಾಕಿ ಹೇಳಿದಂತೆ ಪಾಠ ಮಾಡುವುದೂ ಒಂದು ಗುಲಾಮಗಿರಿಯೇ. ವಿದ್ಯಾರ್ಥಿ ವಿಶ್ವವಿದ್ಯಾಲಯಕ್ಕೆ ಬಂದ ಅತಿಥಿಯಲ್ಲ, ಅದರ ಮೂಲ ಸದಸ್ಯ ಎಂಬ ತಿಳಿವಳಿಕೆ ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಜರ್ಮನಿಯ ಆ ಎರಡು ಪದಗಳಲ್ಲಿ ಒಂದು ದಾರಿಯಲ್ಲಿ ಬಿದ್ದುಹೋಯಿತು. ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ 1915ರಲ್ಲಿ ತನ್ನ ಪ್ರಸಿದ್ಧ ಘೋಷಣೆಯನ್ನು ಹೊರಡಿಸಿದಾಗ ಕಲಿಸುವವರ ಸ್ವಾತಂತ್ರ್ಯ, ಕಲಿಯುವವರ ಸ್ವಾತಂತ್ರ್ಯ ಎರಡನ್ನೂ ಮೊದಲ ಸಾಲುಗಳಲ್ಲೇ ಹೆಸರಿಸಿತು. ಮರುವಾಕ್ಯದಲ್ಲೇ ಈ ವರದಿಯ ವಿಷಯ ಅಧ್ಯಾಪಕರ ಸ್ವಾತಂತ್ರ್ಯ ಎಂದು ಹೇಳಿ ವಿದ್ಯಾರ್ಥಿಗಳನ್ನು ಪಕ್ಕಕ್ಕಿಟ್ಟಿತು. 1957ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನ ಮುಂದೆ ಪಾಲ್ ಸ್ವೀಜಿ ಎಂಬ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞರ ಪ್ರಕರಣ ಬಂತು. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸದಲ್ಲಿ ಏನು ಹೇಳಿದರು ಎಂದು ಆ ರಾಜ್ಯದ ಅಟಾರ್ನಿ ಜನರಲ್ ಪ್ರಶ್ನಿಸಿದ್ದರು, ಅವರು ಉತ್ತರಿಸಲು ನಿರಾಕರಿಸಿದ್ದರು. ತೀರ್ಪು ಸ್ವೀಜಿ ಅವರ ಪರವಾಗಿ ಬಂತು. ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ತಮ್ಮ ಅಭಿಪ್ರಾಯದಲ್ಲಿ ವಿಶ್ವವಿದ್ಯಾಲಯದ ನಾಲ್ಕು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿದರು: ಯಾರು ಕಲಿಸಬೇಕು, ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಸ್ವಾತಂತ್ರ್ಯ. ಇಂದಿಗೂ ಈ ನಾಲ್ಕನ್ನು ಎಲ್ಲರೂ ಉದ್ಧರಿಸುತ್ತಾರೆ. ಈ ನಾಲ್ಕರಲ್ಲಿ ವಿದ್ಯಾರ್ಥಿ ಎಲ್ಲಿ ಬರುತ್ತಾನೆ ನೋಡಿ. ಕೊನೆಯದರಲ್ಲಿ, ಸೇರಿಸಿಕೊಳ್ಳಬೇಕಾದವನಾಗಿ ಅಥವಾ ಸೇರಿಸಿಕೊಳ್ಳಬಾರದವನಾಗಿ ಬರುತ್ತಾನೆ. ಒಳಗೆ ಬಂದ ಮೇಲೆ ಅವನಿಗೇನು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

1967ರಲ್ಲಿ ಆ ಪ್ರಾಧ್ಯಾಪಕರ ಸಂಘವೇ ವಿದ್ಯಾರ್ಥಿ ಸಂಘಟನೆಗಳ ಮತ್ತು ಕಾಲೇಜುಗಳ ಜೊತೆ ಸೇರಿ ವಿದ್ಯಾರ್ಥಿಗಳ ಹಕ್ಕುಗಳ ಬಗ್ಗೆ ಒಂದು ಜಂಟಿ ಹೇಳಿಕೆಯನ್ನು ರೂಪಿಸಿತು. ಅದರಲ್ಲಿ ಒಂದು ವಾಕ್ಯ ನನಗೆ ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ. ತರಗತಿಯಲ್ಲಿ ಮುಂದಿಟ್ಟ ಮಾಹಿತಿಗಾಗಲಿ ಅಭಿಪ್ರಾಯಕ್ಕಾಗಲಿ ವಿದ್ಯಾರ್ಥಿ ಕಾರಣಸಹಿತವಾಗಿ ಭಿನ್ನಮತ ತೋರಬಹುದು, ಅಭಿಪ್ರಾಯದ ವಿಷಯಗಳಲ್ಲಿ ತನ್ನ ತೀರ್ಮಾನವನ್ನು ಕಾಯ್ದಿರಿಸಿಕೊಳ್ಳಬಹುದು, ಆದರೆ ತಾನು ಸೇರಿದ ಕೋರ್ಸಿನ ವಿಷಯವನ್ನು ಕಲಿಯುವ ಹೊಣೆ ಅವನದೇ ಎಂಬುದು ಅದರ ಸಾರ. ಕೊನೆಯ ಭಾಗವನ್ನು ನೀವು ಬಿಡಬಾರದು. ಪುಸ್ತಕ ತೆರೆಯದೆ ‘ನನಗೆ ಇದು ಒಪ್ಪಿಗೆಯಿಲ್ಲ’ ಎನ್ನುವವನಿಗೆ ಈ ಹೇಳಿಕೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಬೇಡಿಕೆಯ ನಿಯಮವನ್ನು ಒಪ್ಪದಿರುವುದಕ್ಕೆ ಮೊದಲು ಅದು ಏನು ಹೇಳುತ್ತದೆ ಎಂದು ಬರೆಯಲು ಬರಬೇಕು. ಭೂಮಿ ಚಪ್ಪಟೆಯಾಗಿದೆ ಎಂದು ಬರೆದವನಿಗೆ ಸೊನ್ನೆ ಕೊಟ್ಟರೆ ಅವನ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದಿಲ್ಲ, ಭೂಗೋಳಶಾಸ್ತ್ರಕ್ಕೆ ನ್ಯಾಯ ಸಿಗುತ್ತದೆ.

ಇನ್ನು ನಮ್ಮ ದೇಶದ ವಿಷಯ. ಜರ್ಮನಿಯ ಮೂಲ ಕಾನೂನಿನ, ಅಂದರೆ ಅದರ ಸಂವಿಧಾನದ, ಐದನೆಯ ವಿಧಿಯಲ್ಲಿ ಸಂಶೋಧನೆ ಮತ್ತು ಬೋಧನೆಯ ಸ್ವಾತಂತ್ರ್ಯವನ್ನು ಬರೆದಿದ್ದಾರೆ. ದಕ್ಷಿಣ ಆಫ್ರಿಕದ ಸಂವಿಧಾನದ ಹದಿನಾರನೆಯ ವಿಧಿಯಲ್ಲಿ ಶೈಕ್ಷಣಿಕ ಸ್ವಾತಂತ್ರ್ಯ ಎಂಬ ಮಾತೇ ಇದೆ. ನಮ್ಮ ಸಂವಿಧಾನದಲ್ಲಿ ಆ ಹೆಸರಿನ ಹಕ್ಕು ಇಲ್ಲ. 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ಮೂಲಕ ಅದನ್ನು ಕಂಡುಕೊಳ್ಳಬೇಕು. ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿ, 51ಎ ವಿಧಿಯಲ್ಲಿ, ವೈಜ್ಞಾನಿಕ ಮನೋಭಾವ ಮತ್ತು ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದಿದೆ. ಪ್ರಶ್ನೆ ಕೇಳುವುದು ನಮ್ಮಲ್ಲಿ ಕರ್ತವ್ಯ. ಕೇಳಿದ ಮೇಲೆ ಆಂತರಿಕ ಅಂಕಕ್ಕೆ ಏನಾಗುತ್ತದೆ ಎಂಬುದರ ಬಗ್ಗೆ ಸಂವಿಧಾನ ಮೌನವಾಗಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕಾದ ಒಂದು ಉದಾಹರಣೆಯಿದೆ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಈ ಸ್ವಾತಂತ್ರ್ಯವನ್ನು ಹೇಗೆ ಅನುಭವಿಸಿದರು ಎಂಬುದು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್ ಅಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೆ ಅವರು ಕುಳಿತ ತರಗತಿಗಳನ್ನು ನೋಡಿದರೆ ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರ ಎಲ್ಲವೂ ಇವೆ. ಸೆಲಿಗ್‌ಮನ್ ಅವರ ಅರ್ಥಶಾಸ್ತ್ರವನ್ನು ಕೇಳಿದಂತೆಯೇ ಜಾನ್ ಡ್ಯೂಯಿ ಅವರ ತತ್ತ್ವಶಾಸ್ತ್ರವನ್ನೂ ಕೇಳಿದರು. ಡ್ಯೂಯಿ ಅವರ ಪ್ರಭಾವ ಮುಂದೆ ಅವರ ಬರವಣಿಗೆಯಲ್ಲಿ ಉದ್ದಕ್ಕೂ ಕಾಣುತ್ತದೆ. ‘ನಿನ್ನ ಕಾಂಬಿನೇಷನ್ನಿನಲ್ಲಿ ಇದು ಇಲ್ಲ’ ಎಂದು ಯಾರಾದರೂ ಬಾಗಿಲಲ್ಲಿ ತಡೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಆಮೇಲೆ ಲಂಡನ್. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅವರು ಡಿ.ಎಸ್ಸಿ. ಪದವಿಗಾಗಿ ರೂಪಾಯಿಯ ಸಮಸ್ಯೆಯ ಬಗ್ಗೆ ಬರೆದ ಪ್ರಬಂಧವನ್ನು 1923ರ ಮಾರ್ಚ್‌ನಲ್ಲಿ ಪರೀಕ್ಷಕರು ಅಂಗೀಕರಿಸಲಿಲ್ಲ. ಬ್ರಿಟಿಷ್ ಆಡಳಿತದ ಮೇಲಿನ ಅದರ ಟೀಕೆ ಕಟುವಾಯಿತು, ಅದಕ್ಕೇ ಹಾಗಾಯಿತು ಎಂದು ಜೀವನಚರಿತ್ರೆಗಳು ಹೇಳುತ್ತವೆ; ಆ ಸಂಸ್ಥೆಯಲ್ಲಿರುವ ಅವರ ವಿದ್ಯಾರ್ಥಿ ಕಡತದಲ್ಲಿ ಮಾತ್ರ ಅಂಥ ಕಾರಣದ ಸೂಚನೆಯಿಲ್ಲ. ಕಾರಣ ಏನೇ ಇರಲಿ, ಆಗಸ್ಟ್‌ನಲ್ಲಿ ಮತ್ತೆ ಸಲ್ಲಿಸಿದರು, ನವೆಂಬರ್‌ನಲ್ಲಿ ಅದು ಅಂಗೀಕಾರವಾಯಿತು. ಚಿನ್ನದ ವಿನಿಮಯ ಪದ್ಧತಿ, ಅಂದರೆ ದೇಶದೊಳಗೆ ಚಿನ್ನದ ನಾಣ್ಯವಿಲ್ಲದೆಯೇ ರೂಪಾಯಿಯ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ವ್ಯವಸ್ಥೆ, ಭಾರತಕ್ಕೆ ಹೊಂದುತ್ತದೆ ಎಂದು ಅರ್ಥಶಾಸ್ತ್ರಜ್ಞ ಕೇನ್ಸ್‌ರಂಥವರು ವಾದಿಸುತ್ತಿದ್ದ ಕಾಲದಲ್ಲಿ ಈ ವಿದ್ಯಾರ್ಥಿ ಅದಕ್ಕೆ ನೇರ ವಿರುದ್ಧವಾದ ನಿಲುವನ್ನು ತಳೆದಿದ್ದರು.

ನನಗೆ ಮುಖ್ಯವಾಗಿ ಕಾಣುವುದು ಅದರ ನಂತರದ್ದು. ಆ ಪ್ರಬಂಧ ಅದೇ ವರ್ಷ ಪುಸ್ತಕವಾಗಿ ಬಂದಾಗ ಅದಕ್ಕೆ ಮುನ್ನುಡಿ ಬರೆದವರು ಅವರ ಗುರು ಎಡ್ವಿನ್ ಕ್ಯಾನನ್. ಮುನ್ನುಡಿ ಎಂದರೆ ನಮ್ಮಲ್ಲಿ ಹೊಗಳಿಕೆ. ಕ್ಯಾನನ್ ಏನು ಬರೆದರು ಗೊತ್ತೆ? ಈ ವ್ಯವಸ್ಥೆಯ ಬಗ್ಗೆ ಅಂಬೇಡ್ಕರರಿಗಿರುವ ವಿರೋಧ ತನಗಿಲ್ಲ, ಅವರ ವಾದಗಳಲ್ಲಿ ಹೆಚ್ಚಿನವನ್ನು ತಾನು ಒಪ್ಪುವುದೂ ಇಲ್ಲ ಎಂದು ನೇರವಾಗಿಯೇ ಬರೆದರು. ಆದರೂ ಕೆಲವು ಕಡೆ ಅವರ ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ, ಅವರು ಪೂರ್ತಿ ತಪ್ಪು ಎಂದು ತನಗನ್ನಿಸಿದ ಕಡೆಯಲ್ಲೂ ಅವರ ನೋಟದಲ್ಲಿ, ಕಾರಣಗಳಲ್ಲಿ ಚೈತನ್ಯ ತುಂಬುವ ಹೊಸತನ ಕಂಡಿದೆ ಎಂದರು. ತನ್ನಂಥ ಹಳೆಯ ಮೇಷ್ಟ್ರು ಸ್ವಂತಿಕೆಯ ಅಡ್ಡಾದಿಡ್ಡಿತನಗಳನ್ನು ಸಹಿಸಿಕೊಳ್ಳುವುದನ್ನು ಕಲಿತಿರುತ್ತಾನೆ ಎಂದೂ ಸೇರಿಸಿದರು. ವಿದ್ಯಾರ್ಥಿ ಗುರುವನ್ನು ಒಪ್ಪಲಿಲ್ಲ, ಗುರು ವಿದ್ಯಾರ್ಥಿಯನ್ನು ಒಪ್ಪಲಿಲ್ಲ, ಪದವಿ ಸಿಕ್ಕಿತು, ಪುಸ್ತಕವೂ ಬಂತು, ಗುರುವಿನ ಹೆಸರು ಅದರ ಮೊದಲ ಪುಟಗಳಲ್ಲೇ ಇದೆ. ನಾನು ಕೆಂಪು ಶಾಯಿಯಲ್ಲಿ ಬರೆದ ಆ ‘2’ ನೆನಪಾದಾಗಲೆಲ್ಲ ಈ ಮುನ್ನುಡಿಯೂ ನೆನಪಾಗುತ್ತದೆ.

ಕಾಂಬಿನೇಷನ್ ಎಂಬ ಮಾತು ಬಂದದ್ದರಿಂದ ಅದರ ಬಗ್ಗೆ ಒಂದೆರಡು ಮಾತು. ಪಿಸಿಎಂ, ಸಿಬಿಝಡ್, ಎಚ್‌ಇಪಿ ಎಂಬ ಮೂರಕ್ಷರಗಳಲ್ಲಿ ನಮ್ಮ ರಾಜ್ಯದ ಎಷ್ಟೋ ತಲೆಮಾರುಗಳ ಕಲಿಕೆ ಮುಗಿದಿದೆ. ಭೌತಶಾಸ್ತ್ರದ ಜೊತೆ ಇತಿಹಾಸ ಓದಬೇಕೆನ್ನುವ ಹುಡುಗಿ ನಮ್ಮ ಕಾಲದಲ್ಲಿ ತಲೆ ಕೆಟ್ಟವಳು. 2021ರಲ್ಲಿ, ಬೇರೆ ಬೇರೆ ವಿಷಯಗಳನ್ನು ಬೆರೆಸಿ ಓದಲು ಬಿಡುವ, ನಾಲ್ಕು ವರ್ಷದ ಪದವಿಯ ಹೊಸ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2024–25ರಿಂದ ಮೂರು ವರ್ಷದ ಪದವಿ ಮರಳಿ ಬಂತು. ಯಾವುದು ಸರಿ ಎಂಬ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ನಾನು ನೋಡಿದ್ದು ಇಷ್ಟು: ಆಯ್ಕೆಯ ವಿಷಯ ಎಂದು ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗಳಿಗೆಂದು ಸರ್ಕಾರ ಮಾಡಿದ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ ಇಪ್ಪತ್ತು ಹೆಸರುಗಳಿದ್ದರೂ ತಾಲ್ಲೂಕಿನ ಕಾಲೇಜಿನಲ್ಲಿ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ಯಾವ ಮೇಷ್ಟ್ರಿಗೆ ಕಾರ್ಯಭಾರ ಕಡಿಮೆ ಬಿದ್ದಿದೆಯೋ ಅವರ ವಿಷಯ. ಆಯ್ಕೆಯ ಹಕ್ಕು ಕಾಗದದಲ್ಲಿ ಎಷ್ಟೇ ಇದ್ದರೂ ಕಲಿಸುವವರು ಇಲ್ಲದ ಕಡೆ ಅದು ಊಟದ ಹೋಟೆಲಿನ ಗೋಡೆಯ ಮೇಲಿನ ಪಟ್ಟಿಯಂತೆ. ಕೇಳಿದರೆ ಇಡ್ಲಿ ಮಾತ್ರ ಇದೆ ಎನ್ನುತ್ತಾರೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದಾರೆ. ಮುಂದಿನ ವರ್ಷ ತನ್ನ ಕೆಲಸ ಇರುತ್ತದೆಯೋ ಇಲ್ಲವೋ ಎಂದು ಗೊತ್ತಿಲ್ಲದ ಅಧ್ಯಾಪಕ ತರಗತಿಯಲ್ಲಿ ವಿವಾದದ ವಿಷಯವೊಂದನ್ನು ಎತ್ತಿಕೊಂಡು ‘ನೀವೇನು ಹೇಳುತ್ತೀರಿ’ ಎಂದು ಕೇಳಲಿ ಎಂದು ನಿರೀಕ್ಷಿಸುವುದು ಅವರಿಗೆ ಮಾಡುವ ಅನ್ಯಾಯ. ಅವರು ನೋಟ್ಸ್ ಬರೆಸುತ್ತಾರೆ. ನೋಟ್ಸ್ ಬರೆಸಿದವರ ಮೇಲೆ ಯಾರೂ ದೂರು ಕೊಡುವುದಿಲ್ಲ.

ಉತ್ತರ ಪತ್ರಿಕೆಗೆ ಮರಳುತ್ತೇನೆ. ಪರೀಕ್ಷೆ ಬರೆದ ಮೇಲೆ ಆ ಪತ್ರಿಕೆ ಯಾರದು? ಬಹಳ ಕಾಲ ಅದು ಪರೀಕ್ಷಾ ಮಂಡಳಿಯ ಗುಟ್ಟಾಗಿತ್ತು. 2008ರಲ್ಲಿ ಸಿಬಿಎಸ್‌ಇ ಹತ್ತನೆಯ ತರಗತಿಯ ಪರೀಕ್ಷೆ ಬರೆದು, ಬಂದ ಅಂಕಗಳಿಂದ ನಿರಾಶನಾದ ಒಬ್ಬ ಹುಡುಗ ತನ್ನ ಪತ್ರಿಕೆಯನ್ನು ನೋಡಬೇಕೆಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ. ಮಂಡಳಿ ಒಪ್ಪಲಿಲ್ಲ. ವಿಷಯ ಕಲ್ಕತ್ತಾ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲು ನಮ್ಮ ಕರ್ನಾಟಕದ ಹೈಕೋರ್ಟ್‌ನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ 2011ರ ಆಗಸ್ಟ್ 9ರಂದು ತೀರ್ಪು ಕೊಟ್ಟಿತು. ಮಂಡಳಿಯ ವಾದವೇನೆಂದರೆ, ಮೌಲ್ಯಮಾಪನವಾದ ಪತ್ರಿಕೆ ತನ್ನ ಬಳಿ ವಿಶ್ವಾಸದ ಮೇಲೆ ಇರುವ ವಸ್ತು, ಅದನ್ನು ಹೊರಗೆ ಕೊಡಲಾಗದು ಎಂಬುದು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಪತ್ರಿಕೆ ನೋಡುವ, ಅದರ ನಕಲು ಪಡೆಯುವ ಹಕ್ಕು ಪರೀಕ್ಷೆ ಬರೆದವನಿಗಿದೆ. ಮೌಲ್ಯಮಾಪಕರ ಹೆಸರು, ಸಹಿ ಮಾತ್ರ ಮರೆಯಾಗಿರಬೇಕು ಎಂದಿತು. ಆ ಮರೆಯೂ ಬೇಕಾದದ್ದೇ. ನನ್ನ ಹೆಸರು ಗೊತ್ತಾಗಿದ್ದರೆ ಆ ‘2’ಕ್ಕಾಗಿ ಯಾರಾದರೂ ನನ್ನ ಮನೆ ಬಾಗಿಲಿಗೆ ಬರುತ್ತಿದ್ದರು.

ಹತ್ತು ರೂಪಾಯಿಯ ಅರ್ಜಿಯಿಂದ ಸಿಗಬಹುದಾದ ಈ ಹಕ್ಕನ್ನು ನಮ್ಮ ವಿದ್ಯಾರ್ಥಿಗಳು ಬಳಸುವುದು ಅಂಕ ಕಡಿಮೆ ಬಂದಾಗ ಮಾತ್ರ. ಮರು ಎಣಿಕೆ, ಮರುಮೌಲ್ಯಮಾಪನ ಎಂದು ಶುಲ್ಕ ಕಟ್ಟುತ್ತಾರೆ, ನಾಲ್ಕು ಅಂಕ ಹೆಚ್ಚಾದರೆ ಸಂತೋಷಪಡುತ್ತಾರೆ. ನಕಲು ಪಡೆದ ಪತ್ರಿಕೆಯನ್ನು ಹಿಡಿದುಕೊಂಡು ಬಂದು ‘ಸರ್, ಇಲ್ಲಿ ನನ್ನ ವಾದ ಎಲ್ಲಿ ತಪ್ಪಿತು’ ಎಂದು ಕೇಳಿದವರು ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಇಬ್ಬರು. ಇಬ್ಬರೂ ಹುಡುಗಿಯರು ಎಂಬುದನ್ನೂ ಹೇಳಿಬಿಡುತ್ತೇನೆ. ಅದರಲ್ಲಿ ಒಬ್ಬಳು ನನಗಿಂತ ಸರಿಯಾಗಿದ್ದಳು.

ಪುಸ್ತಕ ಸಿಗದಿದ್ದರೆ ಭಿನ್ನಮತಕ್ಕೂ ಆಧಾರ ಸಿಗುವುದಿಲ್ಲ. ಇದನ್ನು ನಾವು ಸ್ವಾತಂತ್ರ್ಯದ ಪ್ರಶ್ನೆ ಎಂದು ನೋಡುವುದೇ ಇಲ್ಲ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಆವರಣದಲ್ಲಿ ಒಂದು ಜೆರಾಕ್ಸ್ ಅಂಗಡಿಯಿತ್ತು. ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು ಒಂದು ಕಟ್ಟು ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ಆ ಅಂಗಡಿಯ ಮೇಲೆ ಮತ್ತು ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಿದರು. ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ, ಸಂಘ ಕಟ್ಟಿಕೊಂಡು ತಾವೂ ಪ್ರಕರಣದಲ್ಲಿ ಸೇರಿದರು. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟ್, ಬೋಧನೆಯ ಭಾಗವಾಗಿ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಮಾಡಿಕೊಳ್ಳುವ ನಕಲಿಗೆ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲೇ ವಿನಾಯಿತಿಯಿದೆ ಎಂದು ಹೇಳಿತು. ನ್ಯಾಯಮೂರ್ತಿಗಳು ಆ ತೀರ್ಪಿನಲ್ಲಿ ತಾವು ಕಾನೂನು ಓದುತ್ತಿದ್ದ ದಿನಗಳನ್ನು ನೆನೆಸಿಕೊಂಡಿದ್ದಾರೆ. ಆಗ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಸರದಿಯ ಮೇಲೆ ಕುಳಿತು ಅಧ್ಯಾಯಗಳನ್ನು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದರಂತೆ. ಕೈಯಲ್ಲಿ ಬರೆದುಕೊಂಡರೆ ಸರಿ, ಯಂತ್ರದಲ್ಲಿ ತೆಗೆದರೆ ತಪ್ಪು ಎನ್ನುವುದು ಹೇಗೆ ಎಂಬುದು ಆ ವಾದದ ಎಳೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಕೆಲವು ಅಂಶಗಳನ್ನು ವಿಚಾರಣೆಗೆ ಮರಳಿಸಿದರೂ ಮೂಲ ತತ್ತ್ವವನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆಯನ್ನೇ ಹಿಂತೆಗೆದುಕೊಂಡರು.

ಅದಾದ ಮೇಲೆ 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಂಶೋಧನಾ ಪತ್ರಿಕೆಗಳ ಚಂದಾವನ್ನು ತಾನೇ ಕಟ್ಟುವ ‘ಒಂದು ದೇಶ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಸಂಶೋಧನಾ ಪತ್ರಿಕೆಗಳು. ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದು ದೊಡ್ಡ ಬಾಗಿಲು. ಖಾಸಗಿ ಕಾಲೇಜಿನಲ್ಲಿ ಓದುವವರು ಇನ್ನೂ ಬಾಗಿಲ ಹೊರಗಿದ್ದಾರೆ. ಒಳಗೆ ಹೋದವರಿಗೂ ಅಲ್ಲಿರುವುದೆಲ್ಲ ಹೆಚ್ಚುಕಡಿಮೆ ಇಂಗ್ಲಿಷೇ.

ಭಾಷೆಯ ಮಾತು ಇಲ್ಲಿ ಬಂದೇ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಪಾಠ ಇಂಗ್ಲಿಷಿನಲ್ಲಿ ನಡೆದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ವಿಶ್ವವಿದ್ಯಾಲಯಗಳಿಗೆ ಹೇಳಿತು. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗಲೇ ಕನ್ನಡ ಮಾಧ್ಯಮಕ್ಕಾಗಿ ಹಟ ಹಿಡಿದಿದ್ದರು ಎಂಬುದನ್ನು ನೆನೆದರೆ, ನಮಗೆ ಇದು ಹೊಸ ಸುದ್ದಿಯೇನಲ್ಲ. ಆದರೆ ಕನ್ನಡದಲ್ಲಿ ಬರೆಯಬಹುದು ಎನ್ನುವುದಕ್ಕೂ ಕನ್ನಡದಲ್ಲಿ ವಾದಿಸಬಹುದು ಎನ್ನುವುದಕ್ಕೂ ಅಂತರವಿದೆ. ಒಂದೇ ವಿಷಯದ ಬಗ್ಗೆ ಪರಸ್ಪರ ಒಪ್ಪದ ಎರಡು ಪುಸ್ತಕಗಳು ಕನ್ನಡದಲ್ಲಿ ಇಲ್ಲದಿದ್ದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇರುವುದು ಒಂದೇ ಅಭಿಪ್ರಾಯ, ಅಂದರೆ ಗೈಡಿನ ಅಭಿಪ್ರಾಯ. ನಮ್ಮ ಆ ಸೊಸೈಟಿಯ ಹುಡುಗ ಪುಸ್ತಕದ ಆಸರೆಯಿಲ್ಲದೆ ಕಣ್ಣಿನಿಂದ ಕಂಡದ್ದನ್ನು ಬರೆದಿದ್ದ. ಅವನು ಹೇಳಿದ ವಿಷಯವನ್ನೇ ಅಂಕಿ ಅಂಶಗಳ ಸಮೇತ ಚರ್ಚಿಸಿದ ಬರಹಗಳು ಇಂಗ್ಲಿಷಿನಲ್ಲಿ ಇದ್ದವು. ಅವು ಅವನ ಕೈಗೆ ಸಿಕ್ಕಿದ್ದರೆ ಅವನು ಅವುಗಳನ್ನು ಹೆಸರಿಸುತ್ತಿದ್ದ, ನಾನೂ ಹೆದರಿ ಆರು ಅಂಕ ಕೊಡುತ್ತಿದ್ದೆ.

ಗೈಡ್ ಎಂದೆ. ಸಂಶೋಧನಾ ವಿದ್ಯಾರ್ಥಿಗಳು ನಗುತ್ತಿದ್ದೀರಿ. ನಿಮ್ಮ ಗೈಡ್ ಬೇರೆ, ಪುಸ್ತಕವಲ್ಲ, ಮಾರ್ಗದರ್ಶಕರು. ಪಿಎಚ್.ಡಿ. ವಿದ್ಯಾರ್ಥಿಯ ಸ್ಥಿತಿ ಉಳಿದವರಿಗಿಂತ ನಾಜೂಕು. ಪದವಿ ವಿದ್ಯಾರ್ಥಿಗೆ ಆರು ಮೇಷ್ಟ್ರಿದ್ದರೆ ಇವರಿಗೆ ಒಬ್ಬರೇ. ಅವರ ಸಹಿಯಿಲ್ಲದೆ ಪ್ರಗತಿ ವರದಿ ಹೋಗುವುದಿಲ್ಲ, ಫೆಲೋಶಿಪ್ ಹಣ ಬರುವುದಿಲ್ಲ. 2022ರ ಯುಜಿಸಿ ನಿಯಮಗಳಲ್ಲಿ ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೆಲಸವನ್ನು ಮಂಡಿಸಬೇಕೆಂದಿದೆ. ಹೆಚ್ಚಿನ ಕಡೆ ಇದನ್ನು ಒಂದು ಹೊರೆ ಎಂದು ತಿಳಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ವಿದ್ಯಾರ್ಥಿಯ ರಕ್ಷಣೆ: ಗೈಡಿನ ಹೊರತಾಗಿ ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿದವರು ಇನ್ನೂ ಕೆಲವರಿದ್ದಾರೆ ಎಂಬುದಕ್ಕೆ ದಾಖಲೆ. ಆ ಸಭೆಯ ನಡಾವಳಿಯ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.

2023ರ ಏಪ್ರಿಲ್‌ನಲ್ಲಿ ಬಂದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳನ್ನೂ ನೀವು ಓದಬೇಕು. ಪ್ರತಿ ಸಂಸ್ಥೆಯಲ್ಲಿ ಒಂದು ಸಮಿತಿ, ಅದು ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್, ಅಂದರೆ ಮೇಲ್ಮನವಿ ಕೇಳುವ ಅಧಿಕಾರಿ, ಅವರ ಬಳಿಗೆ ಹೋಗಬಹುದು, ಅವರು 30 ದಿನಗಳಲ್ಲಿ ತೀರ್ಮಾನಿಸಬೇಕು. ಪ್ರವೇಶದ ವೇಳೆ ಕೊಟ್ಟ ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಳ್ಳುವುದು, ಪಾರದರ್ಶಕವಲ್ಲದ ಮೌಲ್ಯಮಾಪನ ಎರಡೂ ಅಲ್ಲಿ ದೂರಿನ ವಿಷಯಗಳಾಗಿ ಬರೆದಿವೆ. ಮೂಲ ಅಂಕಪಟ್ಟಿಯ ವಿಷಯ ಸಣ್ಣದೆನ್ನಬೇಡಿ. ಟಿಸಿ ಮತ್ತು ಅಂಕಪಟ್ಟಿ ಕಚೇರಿಯ ಕಪಾಟಿನಲ್ಲಿ ಬೀಗದೊಳಗೆ ಇರುವ ವಿದ್ಯಾರ್ಥಿ ಒಳ್ಳೆಯ ಪ್ರಾಧ್ಯಾಪಕರನ್ನು ಹುಡುಕಿಕೊಂಡು ಬೇರೆ ಊರಿಗೆ ಹೋಗುವುದು ಎಲ್ಲಿಂದ ಬಂತು! ಜರ್ಮನ್ ವಿದ್ಯಾರ್ಥಿಯ ಅಲೆದಾಟ ನೆನಪಿದೆಯಲ್ಲವೆ?

ವಿದ್ಯಾರ್ಥಿ ಚುನಾವಣೆಯ ಬಗ್ಗೆ ಏಕೆ ಮಾತನಾಡಲಿಲ್ಲ ಎಂದು ನೀವು ಕೇಳಬಹುದು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ನೇರ ಚುನಾವಣೆಗಳಿಲ್ಲ. 2006ರಲ್ಲಿ, ವಿದ್ಯಾರ್ಥಿ ಸಂಘದ ಚುನಾವಣೆಗಳು ಹೇಗೆ ನಡೆಯಬೇಕೆಂದು ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಒಪ್ಪಿದ ಮೇಲೂ ಇಲ್ಲಿ ಏನೂ ಬದಲಾಗಲಿಲ್ಲ. ಚುನಾವಣೆ ಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಸಂಘವಿರುವ ಕ್ಯಾಂಪಸ್ಸಿನಲ್ಲೂ ಸೆಮಿನಾರಿನಲ್ಲಿ ಬಾಯಿ ಬಿಡದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ, ಹಾಗಾಗಿ ಇವತ್ತಿನ ಸಮಯವನ್ನು ತರಗತಿಗೇ ಮೀಸಲಿಟ್ಟೆ.

ಆ ‘2’ರ ನಂತರ ನಾನು ಏನು ಮಾಡಿದೆ ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ. ಕೆಲವು ವರ್ಷಗಳ ಮೇಲೆ ಅದೇ ವಿಷಯಕ್ಕೆ ಪ್ರಶ್ನೆಪತ್ರಿಕೆ ತಯಾರಿಸುವ ಸರದಿ ನನಗೆ ಬಂತು. ಸಹಕಾರ ಸಂಘಗಳು ಗ್ರಾಮೀಣ ಸಾಲದ ಸಮಸ್ಯೆಯನ್ನು ಪರಿಹರಿಸಿವೆ ಎಂಬ ಮಾತನ್ನು ನೀವು ಒಪ್ಪುತ್ತೀರಾ, ನಿಮ್ಮೂರಿನ ಉದಾಹರಣೆಯೊಂದಿಗೆ ಚರ್ಚಿಸಿ ಎಂದು ಬರೆದೆ. ಉತ್ತರ ಸೂಚಿಯಲ್ಲಿ ‘ಒಪ್ಪಿದರೂ ಒಪ್ಪದಿದ್ದರೂ, ಕಾರಣ ಮತ್ತು ಉದಾಹರಣೆಗೆ ಅಂಕ’ ಎಂದು ಸೇರಿಸಿದೆ. ಪರೀಕ್ಷಾ ಮಂಡಳಿಯ ಸಭೆಯಲ್ಲಿ ಹಿರಿಯರೊಬ್ಬರು, ಪಾಪ ಒಳ್ಳೆಯ ಮನುಷ್ಯರೇ, ಹೀಗೆ ಬರೆದರೆ ಅಂಕ ಕೊಡುವುದು ಹೇಗೆ ಸ್ವಾಮಿ, ಒಬ್ಬೊಬ್ಬರದು ಒಂದೊಂದು ಊರು, ನಾವು ಯಾವ ಊರಿಗೆಂದು ಹೋಗಿ ನೋಡಿಕೊಂಡು ಬರೋಣ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪೆನ್ನು ತೆಗೆದು ಅವರು ಎರಡು ಪದಗಳನ್ನು ಹೊಡೆದುಹಾಕಿ ಮೇಲೆ ‘ವಿವರಿಸಿ’ ಎಂದು ಬರೆದರು. ಆ ಸಲದ ಉತ್ತರ ಪತ್ರಿಕೆಗಳೂ 1905ರಿಂದಲೇ ಆರಂಭವಾದವು.